ಸದ್ದಿಗೊಂದು ಹಾಸಿಗೆ

ಗೋಡೆಗೆ ಹಾಸಿಗೆ ಹೊಲಿಯಬೇಕು ಅಂದರು ಮರಿಸ್ವಾಮಿ.
ನಲವತ್ತು ವರ್ಷದಲ್ಲಿ ಬಾಣಂತಿಯರಿಗೆ ಹೊಲಿದಿದ್ದೇನೆ,
ಹಾಸ್ಟೆಲ್ಲಿಗೆ, ಲಾಡ್ಜಿಗೆ, ಒಮ್ಮೆ ಒಬ್ಬರ ನಾಯಿಗೆ.
ಗೋಡೆ ಎಲ್ಲಿ ಮಲಗುತ್ತೆ ಸ್ವಾಮಿ, ಅಂದೆ.
ಗೋಡೆಯಲ್ಲ ಗೌಸಣ್ಣ, ಸದ್ದು ಮಲಗಬೇಕು.

ಅಶೋಕಪುರಂ. ಮಹಡಿ ಮೇಲೆ ಹೊಸ ಕೋಣೆ.
ಕಿಟಕಿಯಿಲ್ಲ. ಮುಖ ಕಾಣುವಂಥ ಟೈಲು.
ಐದು ಸ್ಪೀಕರು, ಮೂಲೆಯಲ್ಲೊಂದು ಕಪ್ಪು ಪೆಟ್ಟಿಗೆ
ಗುಡಾಣದ ಹಾಗೆ ಗುಮ್ಮೆನ್ನಲು.
ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತೆಂಟು ವರ್ಷ
ರಿವೆಟ್ಟು ಬಡಿದವರ ಕಿವಿ ಅದು.
'ಬಾಂಬು ಬಿದ್ದದ್ದು ಕೇಳುತ್ತೆ, ಕಾರು ಉರುಳಿದ್ದು ಕೇಳುತ್ತೆ,
ಅವಳು ಅವನಿಗೆ ಏನಂದಳು,
ಅದೊಂದು ಕೇಳೋದಿಲ್ಲ.'

ಚಪ್ಪಾಳೆ ತಟ್ಟಿದೆ.
ಟರ್ರನೆ ಗೋಡೆಯಿಂದ ಗೋಡೆಗೆ ಓಡಿತು,
ಸ್ಟೀಲು ಡಬ್ಬಿಗೆ ಬಿದ್ದ ಜಿರಲೆ.

ಮೊಮ್ಮಗಳು ನೇತ್ರಾ ಕನ್ನಡಿ ಹಿಡಿದು ಗೋಡೆಗುಂಟ ಸರಿದಳು.
ಸೋಫಾದಲ್ಲಿ ತಾತ: ಇಲ್ಲ, ಇಲ್ಲ,
ಹಾಂ, ಕಂಡಿತು ಸ್ಪೀಕರು.
ಕಂಡಲ್ಲೆಲ್ಲ ಸೀಮೆಸುಣ್ಣದ ಗುರುತು.
ಕಣ್ಣಿಗೆ ಬಂದ ದಾರಿಯಲ್ಲೇ ಕಿವಿಗೂ ಬರುತ್ತದಂತೆ.
ನಾನೂ ಒಮ್ಮೆ ಕೂತು ನೋಡಿದೆ.
ಮೊದಲು ಬಂದದ್ದು ನನ್ನದೇ ಗಡ್ಡ,
ಸ್ಪೀಕರು ಆಮೇಲೆ.

ಅಟ್ಟದಿಂದ ಇಳಿದವು ಹಳೇ ಹಾಸಿಗೆ, ಏಳು.
ಕೆಂಪಾಜಮ್ಮನ ಮದುವೆಯದು, ಮೂರು ಬಾಣಂತನದವು,
ಮಕ್ಕಳ ಉಚ್ಚೆಯ ನಕಾಶೆ ಇನ್ನೂ ಮಾಸದವು.
ಬಿಚ್ಚಿ ಬಿಸಿಲಿಗೆ ಹರಡಿದೆ. ಗಂಟು ಗಂಟು ಹತ್ತಿ.
ಈ ಮನೆಯ ಪಿಸುಮಾತೆಲ್ಲ ಕುಡಿದದ್ದು,
ಸಿನಿಮಾದ ಮಾತು ಯಾವ ಲೆಕ್ಕ.

ಮಷೀನು ಬಂದ ಮೇಲೆ ಮೊಳೆಗೆ ನೇತುಬಿದ್ದಿದ್ದ
ಅಪ್ಪನ ಬಿಲ್ಲು ಇಳಿಸಿ, ನರ ಬಿಗಿದೆ.
ಟೊಂಯ್. ಟೊಂಯ್.
ಲಷ್ಕರ್ ಮೊಹಲ್ಲಾದಲ್ಲಿ ಅಪ್ಪ ಕೂಗಿದವರಲ್ಲ.
ಬೀದಿಯ ಬಾಯಲ್ಲಿ ನಿಂತು ಒಮ್ಮೆ ಮೀಟುವರು.
ಎರಡು ಸಾಲು ಮನೆ ಅದನ್ನು ಕೈಯಿಂದ ಕೈಗೆ ದಾಟಿಸಿ
ಹಿತ್ತಲಲ್ಲಿ ಪಾತ್ರೆ ಉಜ್ಜುವವರ ತನಕ ಮುಟ್ಟಿಸುವವು.
ಸದ್ದಿನಿಂದ ಬಿಡಿಸಿಕೊಂಡ ಹತ್ತಿ
ಈಗ ಸದ್ದು ತಿನ್ನಲು ಹೊರಟಿದೆ. ಅಪ್ಪ ನಕ್ಕಾರು.

ಹೊದಿಕೆಗೆ ಕೆಂಪಾಜಮ್ಮ ವೆಲ್ವೆಟ್ಟು ತಂದರು, ದಪ್ಪನೆಯದು, ಮೆರೂನು.
ಬಾಯಿಟ್ಟು ಊದಿ ತೋರಿಸಿದೆ:
ಉಸಿರು ದಾಟದ ಬಟ್ಟೆಯಲ್ಲಿ ಸದ್ದೂ ದಾಟೋದಿಲ್ಲಮ್ಮ,
ಒಳಗೆ ಹೋಗದೆ ಹತ್ತಿಗೇನು ಕೆಲಸ.
ಸುಮ್ಮನೆ ಒಳಹೋಗಿ ಹಳೇ ವಾಯಿಲ್ ಸೀರೆ ತಂದರು,
ಬೂದುಬಣ್ಣದ್ದು, ನಾಲ್ಕು.
ನೆಲಕ್ಕೆ ಜಮಖಾನ. ಮೂಲೆ ಮೂಲೆಗೆ
ಆಳೆತ್ತರದ ದಿಂಬು, ಅಲ್ಲೇ ಅಂತೆ
ಗುಮ್ಮೆನ್ನುವುದು ಹೋಗಿ ಗುಡ್ಡೆಬೀಳುವುದು.

ನಾಲ್ಕನೇ ದಿನಕ್ಕೆ ಒಂದಂಗುಲ ಗೋಡೆ ಉಳಿಯಲಿಲ್ಲ. ಅವರ ಹಟ.
ಚಪ್ಪಾಳೆ ತಟ್ಟಿದೆ. ಅಂಗೈ ಉರಿಯಿತು, ಅಷ್ಟೇ.
ಕೆಮ್ಮಿದರೆ ಕೆಮ್ಮು ಗಂಟಲು ದಾಟಿದ್ದೇ ಗೊತ್ತಾಗಲಿಲ್ಲ.
'ಯಾರೋ ಕಿವಿ ಮುಚ್ಚಿದ ಹಾಗಾಗುತ್ತೆ ತಾತ'
ನೇತ್ರಾ ಹೊರಗೋಡಿದಳು.

ಸ್ವಾಮಿ, ಕಂಠಮಟ್ಟ ತುಂಬಿದ ಹಾಸಿಗೆಯಲ್ಲಿ
ನಿದ್ದೆ ಬರಲ್ಲ. ಚೂರು ನೆಲ
ಬೆನ್ನಿಗೆ ತಾಗುತ್ತಿರಬೇಕು.

ಹಿಂಗೋಡೆಯ ನಾಲ್ಕು ಕಳಚಿದೆವು.
ಅಲ್ಲಿಗೊಂದು ಪುಸ್ತಕದ ಬೀರು, ಬಾಗಿಲಿಲ್ಲದ್ದು,
ದಪ್ಪ ಸಣ್ಣ ಪುಸ್ತಕ ಒಂದು ಮುಂದೆ ಒಂದು ಹಿಂದೆ,
ಜೋಡಿಸಬಾರದು ಅಂತ ಆಣೆ ಹಾಕಿಸಿಕೊಂಡು.

ಅವರು ಸೋಫಾಕ್ಕೆ ಒರಗಿದ್ದರು.
ಇನ್ನೂ ಏನೂ ಹಾಕಿರಲಿಲ್ಲ, ಪರದೆ ಖಾಲಿ.
ಬಾಗಿಲಲ್ಲಿ ಲೋಟ ಹಿಡಿದ ಕೆಂಪಾಜಮ್ಮ
ನನಗೆ ಮಾತ್ರ ಅನ್ನುವ ಹಾಗೆ, ತುಟಿಯಲ್ಲೇ:
'ಮುದುಕನಿಗೆ ಪಿಂಚಣಿ ಹೆಚ್ಚಾಯ್ತು.'

'ಯಾರೇ ಮುದುಕ?'

ಲೋಟದಲ್ಲಿ ಕಾಫಿ ಅಲುಗಿತು.
ನಾನು ಸೂಜಿ ಹುಡುಕುವವನಂತೆ ಬಗ್ಗಿದೆ.

ರಾತ್ರಿ, ಮಿಕ್ಕ ಹತ್ತಿಯ ಮೂಟೆ ಹೆಗಲಿಗೇರಿಸಿ
ವರ್ಕ್‌ಶಾಪಿನ ಕಾಂಪೌಂಡಿನ ಬದಿ ನಡೆದೆ.
ಯಾರೂ ಇರಲಿಲ್ಲ. ಬಿಲ್ಲು ತೆಗೆದು
ಒಂದೇ ಸಲ ಮೀಟಿದೆ.
ಗೋಡೆ ವಾಪಸು ಕೊಟ್ಟಿತು,
ಎಲ್ಲೋ ಒಂದು ನಾಯಿ ಎದ್ದಿತು,
ಒಂದು ಮನೆಯಲ್ಲಿ ದೀಪ.