ಹೊರಳಿದ ಹೊಟ್ಟೆ

ವಾಲ್ವಿಸ್ ಬೇಯಿಂದ ಎರಡು ರಾತ್ರಿಯ ದೂರ.
ನಾನೂರು ಮೀಟರಿನ ಕತ್ತಲನ್ನು
ವಿಂಚು ಸುತ್ತಿ ಸುತ್ತಿ ಡೆಕ್ಕಿಗೆ ಎಳೆದಾಗ
ಹೇಕ್ ಮೀನುಗಳು ತಮ್ಮ ಹೊಟ್ಟೆಯನ್ನು
ತಮ್ಮ ಬಾಯಲ್ಲೇ ಕಚ್ಚಿಕೊಂಡು ಬಂದವು.

ಮೇಲೆ ಬಂದಂತೆ ಹಾಗೇ ಆಗುತ್ತದೆ:
ಒಳಗಿನ ಗಾಳಿ ಉಬ್ಬಿ, ಜಠರ
ಒಗೆಯಲು ಕಳಚಿದ ಕಾಲುಚೀಲದ ಹಾಗೆ ತಿರುವುಮುರುವು.
ಉಂಡದ್ದು ದಾರಿಯಲ್ಲೇ ನೀರುಪಾಲು.

ಪೆಯಾವಲಿಯ ಪುಸ್ತಕದಲ್ಲಿ ಅದಕ್ಕೊಂದು ಕಾಲಂ ಇದೆ.
'ಖಾಲಿ' ಬೇರೆ, 'ಹೊರಳಿದ್ದು' ಬೇರೆ.
ಉಪವಾಸವಿದ್ದವನನ್ನೂ ಉಂಡು ಕಕ್ಕಿದವನನ್ನೂ
ಒಂದೇ ಪಂಕ್ತಿಯಲ್ಲಿ ಕೂರಿಸಬಾರದು.

"ಮೀನು ಏನು ತಿಂದರೆ ನಿನಗೇನು?" ಅನ್ನುತ್ತಾನೆ
ವೀಗೊ ಊರಿನ ಮುದುಕ ಎಲಾದಿಯೊ, ಬಲೆ ಹೊಲಿಯುತ್ತ.
"ನಾವು ಅದನ್ನು ತಿಂತೇವೆ. ಲೆಕ್ಕ ಮುಗೀತು."

ಅವಳು ಚಾಕು ಒರೆಸಿ ಮುಂದಿನದಕ್ಕೆ ಕೈ ಹಾಕುತ್ತಾಳೆ.
ಒಂಬತ್ತನೆಯದು: ಕ್ರಿಲ್, ಕೆಂಪು ಗಂಜಿಯಾಗಿ.
ಹದಿನಾಲ್ಕು: ಲಾಂದ್ರದ ಮೀನು ಎರಡು,
ಪಕ್ಕೆಯ ದೀಪಗಳು ಆರಿ ಬರೀ ಚುಕ್ಕೆ.
ಹತ್ತೊಂಬತ್ತರಲ್ಲಿ ಮಾಂಸವೇ ಇಲ್ಲ, ಒಂದು ಕಿವಿಗಲ್ಲು,
ಸಜ್ಜೆಕಾಳಿನಷ್ಟು.
ಕರಗಿದವನ ಗುರುತು ಕಿವಿಯಲ್ಲಿ ಉಳಿಯುತ್ತದೆ.
ದೀಪದಡಿ ಹಿಡಿದು ನೋಡಿದಳು: ಇದೂ ಹೇಕ್.
ಹೇಕ್ ತಿಂದ ಹೇಕ್.

ಅದರಲ್ಲಿ ಬೆರಗಿಲ್ಲ.
ರಾತ್ರಿಯಾದರೆ ಇವು ತಳ ಬಿಟ್ಟು ಏರುತ್ತವೆ,
ಎದುರಿಗೆ ಸಿಕ್ಕಿದ್ದು, ಬಾಯಿಗೆ ಹಿಡಿದದ್ದು;
ಕತ್ತಲಲ್ಲಿ ನೆಂಟಸ್ತನ ಕೇಳುವ ಪದ್ಧತಿಯಿಲ್ಲ.
ಇಪ್ಪತ್ತೇಳರ ಒಳಗೊಂದು ಮರಿ ಇತ್ತು, ಇಡಿಯಾಗಿ.
ಮರಿಯ ಬಾಯಲ್ಲಿ ಸಿಗಡಿ,
ಸಿಗಡಿಯ ಮೀಸೆ ಇನ್ನೂ ಹೊರಗೆ.
ಯಾರ ಊಟ ಎಂದು ಬರೆಯಲಿ?
ಪೆನ್ಸಿಲ್ ಒಂದು ಗಳಿಗೆ ನಿಂತಿತು.

ಸಂಜೆ ಹಡಗಿನ ಫೋನಿನಲ್ಲಿ ಅಮ್ಮ, ಓಂಡಾಂಗ್ವಾದಿಂದ.
"ಉಂಡೆಯಾ?"
"ಉಂಡೆ, ಮೇಮೆ."
ಸುಳ್ಳಲ್ಲ. ಮೂರು ದಿನದಿಂದ ಉಣ್ಣುತ್ತಲೇ ಇದ್ದಾಳೆ,
ಉಂಡದ್ದನ್ನೆಲ್ಲ ಕಟಾಂಜನದಾಚೆ
ಬಗ್ಗಿ ಒಪ್ಪಿಸುತ್ತಲೂ ಇದ್ದಾಳೆ.
"ಏನು ಊಟ?" ಅಮ್ಮ ಬಿಡುವವಳಲ್ಲ.

ಅಷ್ಟರಲ್ಲಿ ಎಲಾದಿಯೊ ತಟ್ಟೆ ತಂದಿಟ್ಟ:
ಹೇಕಿನ ಕೆನ್ನೆ, ಬೆಳ್ಳುಳ್ಳಿ, ಉಪ್ಪು ತುಸು ಮುಂದು.
ಮಾತಾಡದೆ ಹೋದ.

ಫೋನನ್ನು ಹೆಗಲಿಗೆ ಒತ್ತಿ ಒಂದು ತುತ್ತು ಬಾಯಿಗಿಟ್ಟಳು.
ಹಡಗು ಒಮ್ಮೆ ಎಡಕ್ಕೆ ವಾಲಿತು.
ಕಾದಳು.
ಒಳಗೇ ನಿಂತಿತು.
"ಮೀನು," ಎಂದಳು.