ಎರಡು ಬೆರಳಗಲ

ವಿರಾಜಪೇಟೆಯ ಗಡಿಯಾರ ಕಂಬದಿಂದ ನಾಲ್ಕನೇ ಬಾಗಿಲು,
ಕುಂಞಹಮ್ಮದರ ಹಗ್ಗದಂಗಡಿ.
"ಜೋಲಿ ಯಾರಿಗೆ?" ಅಂದರು.
ನನಗೇ, ಅಂದೆ.
"ತೂಕ?"
ಇಪ್ಪತ್ತಾರು ವರ್ಷ ಭೌತಶಾಸ್ತ್ರ ಕಲಿಸಿದವಳು
ನಾಲ್ಕು ಕಿಲೋ ಕಡಿಮೆ ಹೇಳಿದೆ.

ಅವರು ನಗಲಿಲ್ಲ.
"ಹಗ್ಗದ ಹತ್ತಿರ ಸುಳ್ಳು ಹೇಳಬಾರದು ಟೀಚರೇ,
ಅದು ತೂಗಿಯೇ ನೋಡುತ್ತೆ."

ಹೋದ ಡಿಸೆಂಬರಿನಲ್ಲಿ ತೂಗಿತ್ತು.
ಟಾರ್ಪಾಲಿಗೆ ಕಟ್ಟಿ ಉಳಿದ ಹಳದಿ ಪ್ಲಾಸ್ಟಿಕ್ ಹಗ್ಗ,
ಎರಡು ಬೇಸಿಗೆ ಕಾಫಿಕಣದಲ್ಲಿ ಬಿಸಿಲು ಕುಡಿದದ್ದು.
ನಕ್ಷತ್ರ ನೋಡುತ್ತಿದ್ದವಳು ಒಮ್ಮೆಲೇ
ಬೇರು ನೋಡಿದೆ.
ಮೂರು ತಿಂಗಳು ಕುರ್ಚಿಯ ಮೇಲೆ ಗಾಳಿ ತುಂಬಿದ ರಬ್ಬರ್ ಬಳೆ,
ಸ್ಟಾಫ್ ರೂಮಿನಲ್ಲಿ ಅದಕ್ಕೊಂದು ಹೆಸರು.
ಹೆಸರು ಇಲ್ಲಿ ಹೇಳುವುದಿಲ್ಲ.

ಒಂದೊಂದಾಗಿ ಇಳಿಸಿದರು.
ತೆಂಗಿನ ನಾರಿನದು: ಬಾವಿಗೆ ಸರಿ, ಮರದ ತೊಗಟೆಗೆ ಗರಗಸ.
ನೈಲಾನ್: ಗಟ್ಟಿಯೇ, ನೆನೆದರೆ ಹಿಗ್ಗುತ್ತೆ,
"ಮಂಚದೆತ್ತರ ಮಲಗಿ
ಬೆಳಿಗ್ಗೆ ಜಿಗಣೆಗಳ ಜೊತೆ ಏಳುತ್ತೀರಿ."
ಹೊಳೆಯುವ ಕೊಕ್ಕೆಯೊಂದನ್ನು ನಾನೇ ಎತ್ತಿಕೊಂಡಿದ್ದೆ.
"ಇದು ಬೀಗದಕೈ ಸಿಕ್ಕಿಸೋದಕ್ಕೆ," ಎಂದು
ಮಗುವಿನಿಂದ ಕತ್ತರಿ ಕಸಿದಂತೆ ಕಸಿದರು.
ಮೂಲೆಯ ಹಳೆಯ ಹಗ್ಗ ಬಗ್ಗಿಸಿ ನನ್ನ ಕಿವಿಗೆ ಹಿಡಿದರು.
ಒಳಗೆ ಮರಳು.
ನಿದ್ದೆಯಲ್ಲಿ ಯಾರೋ ಹಲ್ಲು ಕಡಿದಂತೆ.
"ಹೊರಗೆ ಚೆಂದ. ಒಳಗೆ ತಿನ್ನುತ್ತಾ ಇದೆ."

ಕೊನೆಗೆ ಪಾಲಿಯೆಸ್ಟರ್ ಪಟ್ಟಿ,
ಲಾರಿಯ ಕಾಫಿ ಮೂಟೆಗೆ ಬಿಗಿಯುವ ಜಾತಿಯದು,
ಎರಡು ಬೆರಳಗಲ, ತುದಿಯಲ್ಲಿ ಕುಣಿಕೆ.
ಹೊಲಿಗೆ ಎಣಿಸಿದೆ.
ಅವರು ಚಹಾಕ್ಕೆ ಹೇಳಲು ಹೋದಾಗ ಮತ್ತೊಮ್ಮೆ ಎಣಿಸಿದೆ.

ಕಕ್ಕಬೆಯ ಮೇಲೆ, ಗೆಳತಿ ದೇಚವ್ವಳ ತೋಟದಂಚು.
ಹಾಲವಾಣ, ಮುಳ್ಳಿನ ಅಂಗಿ ತೊಟ್ಟ ಬೆಂಡು, ಬೇಡ.
ಸಿಲ್ವರ್ ಓಕಿಗೆ ಮೆಣಸಿನ ಬಳ್ಳಿ ಹಬ್ಬಿದೆ,
ಅದರ ಕುತ್ತಿಗೆ ಬಿಗಿದು ನಾನು ನಿದ್ದೆ ಮಾಡಲಾರೆ.
ಹಲಸು ಒಂದು, ನಂದಿ ಒಂದು,
ನಡುವೆ ನನ್ನ ಏಳು ಹೆಜ್ಜೆ.

ಹುಡುಗರು ಆಟದ ಬಂದೂಕು ಹಿಡಿವಂತೆ ಕೈ ಚಾಚಿದೆ:
ಹೆಬ್ಬೆರಳ ತುದಿಯಿಂದ ತೋರುಬೆರಳ ತುದಿಗೆ
ಪಟ್ಟಿ ಹಾದರೆ ಮೂವತ್ತು ಡಿಗ್ರಿ.
ಆಗ ಒಂದೊಂದು ಕಡೆ ಒಬ್ಬಳು ನಾನು.
ಚೆಂದಕ್ಕೆಂದು ಎಳೆದು ಬಿಗಿದು ಹತ್ತಕ್ಕೆ ತಂದರೆ
ಒಂದೊಂದು ಕಡೆ ಮೂವರು ನಾನು.
ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೆ ಈ ಲೆಕ್ಕ,
ಒಮ್ಮೆಯೂ ಅದರಲ್ಲಿ ಮಲಗಿರಲಿಲ್ಲ.

ತೋಟದ ಕಾವಲಿನ ಬೊಗ್ಗ ಬಂದರು.
ಪಟ್ಟಿ ನೋಡಲಿಲ್ಲ, ಗಂಟು ನೋಡಲಿಲ್ಲ,
ಕುತ್ತಿಗೆ ಹಿಂದಕ್ಕೆ ಬಾಗಿಸಿ ಸುಮ್ಮನೆ ನಿಂತರು.
ನಂದಿಯ ನೆತ್ತಿಯಲ್ಲಿ ಎಲೆಯಿಲ್ಲದ ಕೊಂಬೆ,
ಎಂದೋ ಸತ್ತು, ಇಳಿಯಲು ಮರೆತದ್ದು.
"ನೀವು ಬೀಳೋದನ್ನ ಲೆಕ್ಕ ಹಾಕಿದ್ದೀರಿ.
ನಿಮ್ಮ ಮೇಲೆ ಬೀಳೋದನ್ನ?"

ಬಿಚ್ಚಿದೆ.
ಹಲಸಿನಿಂದ ಇನ್ನೊಂದು ಹಲಸಿಗೆ. ಎಂಟೂವರೆ ಹೆಜ್ಜೆ,
ಪಟ್ಟಿ ಕಷ್ಟದಲ್ಲಿ ಸಾಕಾಯಿತು.
ಮೊದಲು ಎರಡೂ ಕೈ ಊರಿ ನೋಡಿದೆ. ಆಮೇಲೆ ಕುಳಿತೆ,
ಒಂದು ಕಾಲು ನೆಲದಲ್ಲೇ ಇಟ್ಟು, ಬಹಳ ಹೊತ್ತು,
ಕೊನೆಯ ಬಸ್ಸಿಗೆ ಕಾಯುವವಳ ಹಾಗೆ.
ಆ ಕಾಲನ್ನು ಎತ್ತಿದ್ದು ಯಾವಾಗ, ಹೇಳಲಾರೆ.

ನಡುರಾತ್ರಿ ಟಾರ್ಪಾಲಿನ ಮೇಲೆ ಮಳೆ.
ನೀರು ಹಲಸಿನ ತೊಗಟೆ ಇಳಿದು
ಪಟ್ಟಿ ಹಿಡಿದು ನನ್ನ ಕಡೆಗೇ ನಡೆದು ಬಂತು.
ಕಟ್ಟಿಟ್ಟಿದ್ದ ಗೇಣುದ್ದ ನೂಲಿನ ಬಳಿ ತಡೆದು,
ಯೋಚಿಸಿ,
ಅಲ್ಲಿಂದ ಕೆಳಗಿಳಿಯಿತು. ಹನಿ. ಹನಿ.
ಬ್ಯಾಟರಿ ಮುಗಿಯುವವರೆಗೆ ಟಾರ್ಚ್ ಬಿಟ್ಟು ನೋಡಿದೆ.

ಬೆಳಿಗ್ಗೆ ಹಲಸಿನ ಮೈಮೇಲೆ ಗುರುತಿರಲಿಲ್ಲ.
ನನ್ನ ತೋಳಲ್ಲಿ ಬಟ್ಟೆಯ ನೆರಿಗೆ ಅಚ್ಚೊತ್ತಿತ್ತು,
ಕಕ್ಕಬೆಯಲ್ಲಿ ಬಸ್ ಹತ್ತುವ ಹೊತ್ತಿಗೆ ಮಾಸಿತು.

ಪೇಟೆಯಲ್ಲಿ ಇಳಿದು
ಕುಂಞಹಮ್ಮದರಿಗೆ ನಿಜವಾದ ತೂಕ ಹೇಳಿದೆ.
"ಗೊತ್ತಿತ್ತು," ಅಂದರು,
ಯಾರದೋ ಹಗ್ಗ ಅಳೆಯುತ್ತಾ,
ಮಾರಿಗೆ ಮಾರು.