ಒಂಬತ್ತನೇ ಪುಟ

ಗೋಣಿದಾರ ಬಿಚ್ಚಿದರೆ ಇಪ್ಪತ್ತು ಪುಸ್ತಕ,
ಪಂಚಾಯಿತಿ ಗ್ರಂಥಾಲಯಕ್ಕೆ ಮಕ್ಕಳ ಪಾಲು.
ಪಶುವೈದ್ಯರ ಹಳೇ ಕೋಣೆ ಇದು, ಈಗಲೂ
ಮಳೆ ಬಂದರೆ ಗೋಡೆ ಫಿನಾಯಿಲ್ ನಾರುತ್ತದೆ.
ಅದರೊಳಗಿಂದ ನಾನು ಆರಿಸಿದ್ದು
ತುಂಬ ದೂರದ ಒಂದು ದೇಶದ ಕತೆ.
ದೂರ ಇದ್ದದ್ದಕ್ಕೇ ಆರಿಸಿದೆ. ಈಗ ಒಪ್ಪಿಕೊಳ್ಳುತ್ತೇನೆ.

ಹದಿನಾರು ಪುಟ, ಮಾತು ಕಡಿಮೆ, ಬಣ್ಣ ಜಾಸ್ತಿ.
ನೇರಳೆಹಣ್ಣಿನ ಮೈಯ ಒಬ್ಬಳು ಹುಡುಗಿ,
ತಲೆ ತುಂಬ ಗುಂಗುರು, ಹಳದಿ ಲಂಗ,
ಮುಷ್ಟಿಯೊಳಗೆ ಬಿಸಿಯಾದ ಒಂದು ನಾಣ್ಯ.
ಐಸ್‌ಕ್ರೀಮ್ ಅಂಗಡಿಗೆ ಗಾಜಿನ ಬಾಗಿಲು;
ಬಿಳಿಯ ಮಕ್ಕಳು ಒಳಗೆ ಕಾಲಾಡಿಸುತ್ತ ಕೂತಿದ್ದಾರೆ.
ಒಂಬತ್ತನೇ ಪುಟದಲ್ಲಿ ಅವಳು
ಅಂಗಡಿ ಸುತ್ತಿ ಹಿಂದಕ್ಕೆ ಬರುತ್ತಾಳೆ.
ಕಸದ ಡಬ್ಬ, ಒಂದು ಬೆಕ್ಕು, ಒಂದು ಸಣ್ಣ ಕಿಟಕಿ.
ಕಿಟಕಿಯಿಂದ ಒಂದು ಕೈ. ಮುಖ ಬರೆದಿಲ್ಲ.

"ಅಯ್ಯೋ" ಅಂದವು ಮಕ್ಕಳು. "ಪಾಪ" ಅಂದವು.
ಭವ್ಯಶ್ರೀ ಬೆಕ್ಕಿಗೂ ಪಾಪ ಅಂದಳು.
ಅಲ್ಲಿ ಹಾಗಿತ್ತು, ಹೇಳಿದೆ, ಮೈಬಣ್ಣ ನೋಡಿ
ಯಾರಿಗೆ ಬಾಗಿಲು, ಯಾರಿಗೆ ಕಿಟಕಿ ಅನ್ನುತ್ತಿದ್ದರು.
ತಪ್ಪಲ್ಲವಾ?
ತಪ್ಪು ಮಿಸ್!
ಹೊರಗೆ ಟೊಮೆಟೊ ಕ್ರೇಟು ಹೊತ್ತ ಟೆಂಪೊ
ವಡ್ಡಹಳ್ಳಿ ಮಂಡಿಗೆ ಹಾರ್ನ್ ಹೊಡೆದು ಹೋಯಿತು.
ಪಾಠ ಮುಗಿಯಿತು ಅಂದುಕೊಂಡೆ.

ಆಗ ಎದ್ದದ್ದು ಅಂಗನವಾಡಿಯ ಒಂದು ಚಿಕ್ಕದು,
ಅಕ್ಕನ ಜೊತೆ ಸುಮ್ಮನೆ ಬಂದಿದ್ದು.
ತನ್ನ ಮೊಣಕೈಯನ್ನ ಲೋಹಿತನ ಮೊಣಕೈಗೆ
ತಾಗಿಸಿ, ಬಗ್ಗಿ, ಚೆನ್ನಾಗಿ ನೋಡಿ,
"ಮನೂರ್ಲೋ ವಾಳ್ಳಕಿ ಎಟ್ಲ ತೆಲಿಸ್ತಾದಿ?"

ನಮ್ಮೂರಲ್ಲಿ ಅವರಿಗೆ ಹೇಗೆ ಗೊತ್ತಾಗುತ್ತೆ.
ಎಲ್ಲರೂ ಒಂದೇ ಕಲ್ಲಲ್ಲಿ ಬೀಸಿದ ರಾಗಿಯ ಬಣ್ಣ.

ಈ ಸಲ ಯಾರೂ ಪಾಪ ಅನ್ನಲಿಲ್ಲ.
ಫ್ಯಾನು ಮಾತ್ರ ಕಟಕಟ.
ಲೋಹಿತ್‌ದು ಹೊಸದಾಗಿ ಕತ್ತರಿಸಿದ ತಲೆ,
ಊರಲ್ಲೇ ಕತ್ತರಿ ಇದ್ದರೂ ಅದಕ್ಕೆಂದು
ಮುಳಬಾಗಿಲಿನ ಬಸ್ಸು ಹತ್ತುತ್ತಾನೆ.
"ಯಾರ ಮಗ ಅಂತ ಕೇಳ್ತಾರೆ. ಆಮೇಲೆ ಯಾವ ಬೀದಿ ಅಂತ.
ಅಷ್ಟು ಸಾಕು."
ಬಸ್ಸಿನ ಟೈಮು ಹೇಳುವ ಹಾಗೆ ಹೇಳಿದ.

ಹತ್ತನೇ ಪುಟ ತಿರುವಿದೆ. ಮತ್ತೆ ಒಂಬತ್ತಕ್ಕೇ ಬಂದೆ.

ಕ್ರೇಯಾನ್ ಹಂಚಿದೆ, ಕೈಗೆ ಏನಾದರೂ ಕೆಲಸ ಬೇಕಿತ್ತಲ್ಲ.
ಅಂಗಡಿ ಬರೆದರು, ಕೋನ್ ಬರೆದರು, ಬೆಕ್ಕು ಹನ್ನೊಂದು.
ಲೋಹಿತ್ ಬರೆದದ್ದು ಒಂದು ಹಂಚಿನ ಮನೆ,
ಹಿತ್ತಿಲ ಕಿಟಕಿ, ನೀಲಿ ಸರಳು ಐದು,
ದಾಸವಾಳದ ಪಕ್ಕ, ಕಿಟಕಿಯ ಹೊರಕಟ್ಟೆಯ ಮೇಲೆ
ಬೋರಲು ಹಾಕಿದ ಒಂದು ಸ್ಟೀಲ್ ಲೋಟ.

ಯಾರ ಮನೆಯೋ ಇದು ಅಂತ ಕೇಳಲಿಲ್ಲ.
ಕಳೆದ ಯುಗಾದಿಗೆ ಆ ನೀಲಿ ಹೊಡೆದವಳು ನಾನೇ.
ಬ್ರಷ್ಷಿನ ಹಿಡಿಯಿಂದ ಲೋಟ ಸರಿಸಿ,
ಬಣ್ಣ ಒಣಗಿದ ಮೇಲೆ, ಹಿಡಿಯಿಂದಲೇ
ಲೋಟವನ್ನ ಮತ್ತೆ ಅದರ ಜಾಗಕ್ಕೆ ತಳ್ಳಿದ್ದೆ.

"ಮಿಸ್, ಈ ಪುಸ್ತಕ ಮನೆಗೆ ಕೊಡ್ತೀರಾ?"

ಕೊಡಬಹುದು, ಹದಿನೈದು ದಿನ. ರಿಜಿಸ್ಟರ್ ತೆಗೆದೆ.
ಹೆಸರು ಬರೆದೆ. ತಂದೆಯ ಹೆಸರು ಬರೆದೆ.
ಮುಂದಿನ ಖಾನೆ ವಿಳಾಸ.
ಪೆನ್ನು ಅಲ್ಲಿ ನಿಂತಿತು.
ಪುಸ್ತಕ ಎದೆಗವಚಿಕೊಂಡು ಅವನು
ನಾನು ಕೇಳುವುದನ್ನೇ ಕಾಯುತ್ತಿದ್ದ.